ಬೆಲ್ಟ್ ನೇತಾಡಿದರೆ ಅದು ಹೆಲ್ಮೆಟ್ಟಲ್ಲ

ಕೊಪ್ಪಳದಿಂದ ಗಿಣಿಗೇರಾ ಕಡೆಗೆ ಕಾರ್ಖಾನೆಗಳ ಪಾಳಿ ಬದಲಾಗುವ ಹೊತ್ತಿಗೆ ಹೋಗಿ ನೋಡಿ. ಹೆಲ್ಮೆಟ್ಟಿಗೇನೂ ಬರವಿಲ್ಲ, ಬೆಲ್ಟ್ ಮಾತ್ರ ಕಿವಿಯ ಪಕ್ಕ ಪಟಪಟ ಹೊಡೆದುಕೊಳ್ಳುತ್ತಿರುತ್ತದೆ. ಕೇಳಿದರೆ, "ಸೆಕಿ ಭಾಳ ಐತ್ರಿ ಸರ, ಕುತ್ತಿಗಿ ಕಡಿತೈತಿ." ಸೆಕೆ ಸುಳ್ಳಲ್ಲ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೀಮೆ ಇದು. ಆದರೆ ಬೆಲ್ಟಿನ ಅಗಲ ಎರಡು ಬೆರಳಷ್ಟೂ ಇಲ್ಲ, ಅದನ್ನು ಬಿಚ್ಚಿದರೆ ತಲೆ ತಂಪಾಗುವುದಿಲ್ಲ.

ಬೈಕಿನಿಂದ ಬಿದ್ದಾಗ ಎಷ್ಟೋ ಸಲ ಮೊದಲು ನೆಲಕ್ಕೆ ತಾಗುವುದು ಭುಜ ಅಥವಾ ಸೊಂಟ. ಮೈ ಉರುಳುತ್ತಾ ಹೋದಂತೆ ತಲೆ ಬಡಿಯುತ್ತದೆ, ಮತ್ತೆ ಬಡಿಯುತ್ತದೆ. ಕಟ್ಟದ ಹೆಲ್ಮೆಟ್ ಮೊದಲ ಕುಲುಕಿಗೇ ಕಳಚಿ ಎಲ್ಲೋ ಉರುಳಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಹೇಳುವುದೂ ಪಟ್ಟಿಯಿಂದ ತಲೆಗೆ ಭದ್ರವಾಗಿ ಬಿಗಿದ ಹೆಲ್ಮೆಟ್ಟನ್ನೇ.

ಬೆಲ್ಟ್ ಗದ್ದದ ತುದಿಗೆ ಸಿಕ್ಕಿಕೊಳ್ಳಬಾರದು, ಗದ್ದದ ಅಡಿಯಲ್ಲಿ ಗಂಟಲಿಗೆ ಹತ್ತಿರ ಕೂರಬೇಕು. ಒಳಗೆ ಎರಡು ಬೆರಳು ಹೋದರೆ ಸಾಕು, ಮುಷ್ಟಿ ಹೋದರೆ ಸಡಿಲ. ಬಿಗಿದ ಮೇಲೆ ಹಿಂಬದಿಯ ಅಂಚು ಹಿಡಿದು ಮೇಲಕ್ಕೆ, ಮುಂದಕ್ಕೆ ಎತ್ತಿ ನೋಡಿ. ಕಣ್ಣಿನ ಮೇಲೆ ಜಾರಿ ಕಳಚಿ ಬಂದರೆ ಬೆಲ್ಟ್ ಇನ್ನಷ್ಟು ಬಿಗಿಯಬೇಕು, ಇಲ್ಲವೇ ಸೈಜೇ ದೊಡ್ಡದು. ಹುಬ್ಬಿನ ಮೇಲೆ ಒಂದು ಅಂಗುಲ ಬಿಟ್ಟು ಟೇಪು ಸುತ್ತಿ ಅಳೆದು, ಆ ಕಂಪನಿಯ ಸೈಜಿಗೆ ಹೋಲಿಸಿಯೇ ಕೊಳ್ಳಿ. ಒಳಗೆ ದಪ್ಪ ಟವೆಲ್ ಸುತ್ತಿಕೊಂಡು ಸೈಜು ನೋಡುವವರಿದ್ದಾರೆ. ಟವೆಲ್ ತೆಗೆದ ದಿನ ಅದು ಬೋಗುಣಿ. ಬೆವರಿಗೆ ತೆಳುವಾದ ಹತ್ತಿ ಟೋಪಿ ಸಾಕು.

ಸಂಡೂರು, ತೋರಣಗಲ್ಲು ಕಡೆಯವರಿಗೆ ಇನ್ನೊಂದು ಮಾತು. ಅದಿರಿನ ಧೂಳು ಬಕಲ್ಲಿನ ಹಲ್ಲುಗಳಲ್ಲಿ ಕೂತರೆ ಲಾಕ್ 'ಟಕ್' ಅಂದರೂ ಹಿಡಿದಿರುವುದಿಲ್ಲ. ಹಾಕಿ ಒಮ್ಮೆ ಜಗ್ಗಿ ನೋಡಿ. ಧೂಳು ತೆಗೆಯಲು ಹಳೆಯ ಹಲ್ಲುಜ್ಜುವ ಬ್ರಷ್, ಸೋಪಿನ ನೀರು ಸಾಕು. ಪೆಟ್ರೋಲ್ ಮಾತ್ರ ಬೇಡ, ಒಳಗಿನ ಥರ್ಮಾಕೋಲ್ ಕರಗಿಬಿಡುತ್ತದೆ. ಪೆಟ್ಟು ತಡೆಯುವುದು ಅದೇ ಥರ್ಮಾಕೋಲ್. ಒಮ್ಮೆ ಜಜ್ಜಿದರೆ ಮತ್ತೆ ಉಬ್ಬುವುದಿಲ್ಲ, ಹಾಗಾಗಿ ಬಿದ್ದು ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಹೊಳೆಯುತ್ತಿದ್ದರೂ ಬದಲಾಯಿಸಿ.

ಹಿಂದೆ ಕೂರುವ ಹೆಣ್ಣುಮಕ್ಕಳ ತುರುಬು ಹೆಲ್ಮೆಟ್ಟನ್ನು ಮೇಲಕ್ಕೆ ಒತ್ತುತ್ತದೆ, ಬೆಲ್ಟ್ ಗದ್ದದವರೆಗೂ ಬರುವುದಿಲ್ಲ. ತುರುಬು ಬಿಚ್ಚಿ ಜಡೆ ಹಾಕಿಕೊಂಡರೆ ಸರಿಯಾಗಿ ಕೂರುತ್ತದೆ. ಬಕಲ್ ಹಾಕುವಾಗ ಸೆರಗು ನಡುವೆ ಸಿಗದಂತೆ ನೋಡಿ, ಹಾಕಿದ ಮೇಲೆ ಅವರದ್ದನ್ನೂ ಒಮ್ಮೆ ಜಗ್ಗಿ ನೋಡಿಯೇ ಗಾಡಿ ಬಿಡಿ.