ಒಂದು ಪಾಸಿಟಿವ್‌ಗೆ ಒಂದೂವರೆ ಲಕ್ಷ: ಈ ಲೆಕ್ಕ ಸಾಕು ಮಾಡ್ರಿ

ಪ್ರಶ್ನೆ: ಕೊರೊನಾ ಟೈಮಿನಾಗ ಸರ್ಕಾರಿ ದವಾಖಾನಿಗೆ ಒಬ್ಬ ಪಾಸಿಟಿವ್ ಪೇಷಂಟಿಗೆ ಒಂದೂವರೆ ಲಕ್ಷ ಬರತಿತ್ತಂತ. ಅಷ್ಟು ರೊಕ್ಕ ಬಂದ ಮ್ಯಾಲೂ ಆಪರೇಷನ್ನಿಗೆ ಪಾಳಿ ಯಾಕ್ರೀ?
(ಹಾವೇರಿಯಿಂದ ಒಬ್ಬ ಓದುಗರು)

ಮತ್ತದೇ ಒಂದೂವರೆ ಲಕ್ಷ! ಗದಗಿನಿಂದ ಪತ್ರ ಬಂದರೂ ಇದೇ, ಧಾರವಾಡದಿಂದ ಬಂದರೂ ಇದೇ. ಇನ್ನೊಮ್ಮೆ ಹೇಳುತ್ತೇನೆ, ನಿಮ್ಮ ಮನೆಯ ಗ್ರೂಪಿಗೂ ಹಾಕಿಬಿಡಿ: ಪಾಸಿಟಿವ್ ಬಂದರೆ ತಲೆಗೆ ಇಷ್ಟು ಅಂತ ಕೊಡುವ ಯೋಜನೆ ಇರಲೇ ಇಲ್ಲ.

ಇದ್ದದ್ದು ಬೇರೆ. 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ, ತಾನು ಕಳಿಸಿದ ಕೋವಿಡ್ ರೋಗಿಗಳಿಗೆ ಖಾಸಗಿ ಆಸ್ಪತ್ರೆಗಳು ಪಡೆಯಬಹುದಾದ ದರ ಗೊತ್ತು ಮಾಡಿತು. ಸಾಮಾನ್ಯ ವಾರ್ಡಿಗೆ ದಿನಕ್ಕೆ 5,200 ರೂಪಾಯಿ, ವೆಂಟಿಲೇಟರ್ ಸಹಿತ ಐಸಿಯುಗೆ 10,000. ಈ ಹತ್ತು ಸಾವಿರವನ್ನು ಹದಿನೈದು ದಿನಕ್ಕೆ ಗುಣಿಸಿ ನೋಡಿ, ನಿಮ್ಮ ಒಂದೂವರೆ ಲಕ್ಷ ಸಿಗುತ್ತದೆ! ಆದರೆ ಅದು ಚಿಕಿತ್ಸೆಯ ಬಿಲ್, ಪಾಸಿಟಿವ್ ವರದಿಯ ಬಹುಮಾನವಲ್ಲ. ಅದೂ ಖಾಸಗಿಯವರಿಗೆ.

ಸರ್ಕಾರಿ ಆಸ್ಪತ್ರೆಗೆ ಆದದ್ದು ಉಲ್ಟಾ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎಂಬ ಸರ್ಕಾರಿ ಆರೋಗ್ಯ ಯೋಜನೆಯಲ್ಲಿ ಆಪರೇಷನ್ ಮಾಡಿದರೆ ಆಸ್ಪತ್ರೆಗೆ ಹಣ ಬರುತ್ತದೆ. ಹರ್ನಿಯಾ, ಕಣ್ಣಿನ ಪೊರೆ ಎಲ್ಲ ಮುಂದಕ್ಕೆ ಹಾಕಿದ ಮೇಲೆ ಅದು ಎಲ್ಲಿಂದ ಬರಬೇಕು? ಓಪಿಡಿ ಖಾಲಿ, ಚೀಟಿ ದುಡ್ಡೂ ಇಲ್ಲ. ಖರ್ಚು ಮಾತ್ರ ಏರಿತು: ಪಿಪಿಇ ಕಿಟ್, ಆಕ್ಸಿಜನ್, ಗುತ್ತಿಗೆ ನರ್ಸ್‌ಗಳು. ಕೊರೊನಾಕ್ಕೆಂದು ಬಂದ ಅನುದಾನ ಕೊರೊನಾಕ್ಕೇ ಹೋಯಿತು.

ಪಾಳಿಗೆ ಬರೋಣ. ಮುಂದಕ್ಕೆ ಹಾಕಿದ ಹರ್ನಿಯಾ ತಾನಾಗಿ ವಾಸಿಯಾಗುವುದಿಲ್ಲ, ಹೊಸಬರ ಜೊತೆ ಸಾಲಿಗೆ ಬಂದು ನಿಲ್ಲುತ್ತದೆ. ಮೇಲಿಂದ, ಎಂಬಿಬಿಎಸ್ ಮುಗಿಸಿದವರು ಸ್ನಾತಕೋತ್ತರ ಸೀಟಿಗೆ ಬರೆಯುವ 2021ರ ನೀಟ್ ಪಿಜಿ ಪರೀಕ್ಷೆ ಸೆಪ್ಟೆಂಬರ್‌ಗೆ ಹೋಗಿ, ಸೀಟು ಹಂಚುವ ಕೌನ್ಸೆಲಿಂಗ್ ಶುರುವಾದದ್ದು 2022ರ ಜನವರಿಯಲ್ಲಿ. ಹುಬ್ಬಳ್ಳಿಯ ಕಿಮ್ಸ್‌ನಂಥ ಬೋಧನಾ ಆಸ್ಪತ್ರೆಗಳಲ್ಲಿ ರಾತ್ರಿ ಡ್ಯೂಟಿ ನಡೆಯುವುದೇ ಪಿಜಿ ಓದುವ ವೈದ್ಯರಿಂದ. ಒಂದು ಬ್ಯಾಚು ತಿಂಗಳುಗಟ್ಟಲೆ ಬಾರದಿದ್ದರೆ ಆ ಕೆಲಸ ಯಾರ ತಲೆಗೆ?

ಟಿಬಿಯದೂ ಇದೇ ಕಥೆ. ದೇಶದಲ್ಲಿ 2019ರಲ್ಲಿ 24 ಲಕ್ಷ ರೋಗಿಗಳು ದಾಖಲಾಗಿದ್ದರು, 2020ರಲ್ಲಿ 18 ಲಕ್ಷ. ರೋಗ ಇಳಿಯಿತೆಂದು ಖುಷಿಪಡಬೇಡಿ. ಕಫ ಪರೀಕ್ಷಿಸುವ ಟ್ರೂನ್ಯಾಟ್ ಯಂತ್ರಗಳನ್ನೇ ಕೋವಿಡ್ ಪರೀಕ್ಷೆಗೆ ಹಚ್ಚಿದ್ದರು.

ನೀವು ಕೇಳಿಲ್ಲ, ಆದರೂ ಕೊರೊನಾ ಕಾಲದಲ್ಲಿ ಆಸ್ಪತ್ರೆಗಳ ಹಿಂದೆ ಹಾಕಿದ ಆಕ್ಸಿಜನ್ ಪ್ಲಾಂಟ್ ಬಗ್ಗೆ ಹೇಳಿಬಿಡುತ್ತೇನೆ. ಅದು ಗಾಳಿಯನ್ನು ಒತ್ತಿ, ಜಿಯೋಲೈಟ್ ಹರಳುಗಳ ಮೂಲಕ ಹಾಯಿಸಿ ಸಾರಜನಕವನ್ನು ಹಿಡಿದಿಡುತ್ತದೆ. ಹೊರಬರುವ ಗಾಳಿಯಲ್ಲಿ ಸುಮಾರು 93% ಆಮ್ಲಜನಕ. ಕಂಪ್ರೆಸರ್ ಓಡಿದಷ್ಟೂ ಕರೆಂಟ್ ಬಿಲ್. ಓಡಿಸದೆ ಬಿಟ್ಟರೆ ತೇವ ಹೊಕ್ಕು ಜಿಯೋಲೈಟ್ ಕೆಡುತ್ತದೆ. ದ್ರವ ಆಕ್ಸಿಜನ್ ಟ್ಯಾಂಕಿಗೆ ಈ ರಗಳೆಯಿಲ್ಲ, ಟ್ಯಾಂಕರ್ ಬಂದು ತುಂಬಿದರಾಯಿತು. ಎರಡೂ ಇರುವ ಕಡೆ ಸಿಬ್ಬಂದಿ ಟ್ಯಾಂಕನ್ನೇ ನೆಚ್ಚಿಕೊಂಡರೆ ಅವರನ್ನು ಬೈಯುವ ಮೊದಲು, ಪ್ಲಾಂಟಿನ ನಿರ್ವಹಣಾ ಗುತ್ತಿಗೆ ಇನ್ನೂ ಜಾರಿಯಲ್ಲಿದೆಯೇ ಎಂದು ವಿಚಾರಿಸಿ.