ಟ್ರಯಲ್‌ಗೆ ಸೇರಿದರೆ ಬರೀ ಸಕ್ಕರೆ ಮಾತ್ರೆ ಕೊಡ್ತಾರಾ?

ಪ್ರಶ್ನೆ: ನಮ್ಮ ತಂದೆಗೆ ದೊಡ್ಡ ಕರುಳಿನ ಕ್ಯಾನ್ಸರ್, ಲಿವರ್‌ಗೂ ಹರಡಿದೆ. ಕೀಮೋ ಇನ್ನೂ ಶುರುವಾಗಿಲ್ಲ. ಔಷಧಗಳನ್ನು ಸೇರಿಸಿ ಕೊಡುವ ಟ್ರಯಲ್ ಇದೆ, ಸೇರ್ತೀರಾ ಅಂತ ಬೆಂಗಳೂರಿನ ಡಾಕ್ಟರು ಕೇಳಿದ್ದಾರೆ. ಅರ್ಧ ಜನಕ್ಕೆ ಸುಮ್ನೆ ಸಕ್ಕರೆ ಮಾತ್ರೆ ಕೊಡ್ತಾರಂತೆ, ನಿಜವಾ?
– ಕೋಲಾರದ ಓದುಗರು

ಉತ್ತರ: ನಿಮ್ಮ ತಂದೆಯ ಹಂತದಲ್ಲಿ ಹಾಗೆ ಮಾಡುವುದಿಲ್ಲ. ಒಂದು ಗುಂಪಿಗೆ ಈಗ ಎಲ್ಲರಿಗೂ ಕೊಡುವ ಕೀಮೋ, ಇನ್ನೊಂದಕ್ಕೆ ಅದರ ಜೊತೆ ಹೊಸ ಔಷಧ. 2004ರಲ್ಲಿ ಪ್ರಕಟವಾದ, ಬೆವಾಸಿಜುಮ್ಯಾಬ್ ಅನ್ನೋ ಔಷಧದ ಟ್ರಯಲ್‌ನಲ್ಲಿ ಹುಸಿ ಔಷಧ ಇತ್ತು, ಆದರೆ ಪೂರ್ತಿ ಕೀಮೋ ಜೊತೆಗೇ ಇತ್ತು. ಆ ಹುಸಿ ಔಷಧದ ಗುಂಪಿನ ಅರ್ಧದಷ್ಟು ಜನ 15.6 ತಿಂಗಳು ದಾಟಿ ಬದುಕಿದರು. ಬೆವಾಸಿಜುಮ್ಯಾಬ್ ಸೇರಿದಾಗ ಅದು 20.3 ತಿಂಗಳಾಯಿತು. ಇರುವ ಔಷಧಗಳೆಲ್ಲ ಮುಗಿದವರಿಗೆ ನಡೆಸುವ ಕೆಲವು ಟ್ರಯಲ್‌ಗಳಲ್ಲಿ ಬರೀ ಹುಸಿ ಮಾತ್ರೆ ಇರುವುದುಂಟು. ಅದನ್ನು ಮೊದಲೇ ಹೇಳಲೇಬೇಕು.

ಹಾಗಾದರೆ ಜಾಸ್ತಿ ಔಷಧ ಸಿಕ್ಕವರೇ ಅದೃಷ್ಟವಂತರು, ಅಲ್ವಾ? ಅಲ್ಲ. ನೆದರ್ಲೆಂಡ್ಸ್‌ನಲ್ಲಿ 755 ರೋಗಿಗಳ ಮೇಲೆ ಕೈರೋ-2 ಅನ್ನೋ ಟ್ರಯಲ್ ನಡೆಯಿತು. ಎರಡು ಕೀಮೋ ಔಷಧ, ಬೆವಾಸಿಜುಮ್ಯಾಬ್ ಎಲ್ಲರಿಗೂ ಇತ್ತು. ಅರ್ಧ ಜನಕ್ಕೆ ಸೆಟುಕ್ಸಿಮ್ಯಾಬ್ ಕೂಡ ಸೇರಿಸಿದರು. ಒಂಟಿಯಾಗಿ ಕೊಟ್ಟರೂ ಕೆಲಸ ಮಾಡುವ ಔಷಧ ಅದು. 2009ರಲ್ಲಿ ಬಂದ ಫಲಿತಾಂಶ ಉಲ್ಟಾ ಹೊಡೆದಿತ್ತು. ಕಾಯಿಲೆ ಹತೋಟಿಯಲ್ಲಿದ್ದ ಅವಧಿ 10.7 ತಿಂಗಳಿಂದ 9.4ಕ್ಕೆ ಇಳಿದಿತ್ತು. ಗಡ್ಡೆಯ ಕೆರಾಸ್ ಜೀನ್‌ನಲ್ಲಿ ಬದಲಾವಣೆ ಇದ್ದವರಿಗೆ ಇನ್ನೂ ಕೆಟ್ಟದಾಯಿತು. ಕಾಗದದ ಮೇಲೆ ಚೆನ್ನಾಗಿ ಕಂಡ ಜೋಡಿ ಮೈಯೊಳಗೆ ಕೈಕೊಟ್ಟಿತು. ಟ್ರಯಲ್ ಮಾಡುವುದೇ ಇದಕ್ಕೆ. ತಂದೆಯವರ ಗಡ್ಡೆಯ ರಾಸ್ (ಕೆರಾಸ್ ಇದೇ ಗುಂಪಿನದು), ಬಿರಾಫ್ ಜೀನ್ ರಿಪೋರ್ಟ್ ಬಂದಿದೆಯಾ ಅಂತ ಮೊದಲು ಕೇಳಿ.

ಇನ್ನು ದಿನನಿತ್ಯದ ಪಾಡು. ಟ್ರಯಲ್ ಇರಲಿ ಬಿಡಲಿ, ಆಕ್ಸಾಲಿಪ್ಲಾಟಿನ್ ಅನ್ನೋ ಕೀಮೋ ಔಷಧ ಕೊಟ್ಟರೆ ತಣ್ಣಗಿನ ಸ್ಟೀಲ್ ಚೊಂಬು ಮುಟ್ಟಿದರೂ ಬೆರಳಿಗೆ ಸೂಜಿ ಚುಚ್ಚಿದ ಹಾಗಾಗುತ್ತದೆ. ಕೆಲವು ದಿನ ಬಿಸಿನೀರೇ ಗತಿ. ಕೆಲವರಿಗೆ 46 ಗಂಟೆ ಔಷಧ ಹರಿಸುವ ಪುಟ್ಟ ಪಂಪ್ ಸಿಕ್ಕಿಸಿ ಮನೆಗೆ ಕಳಿಸುತ್ತಾರೆ. ಅದನ್ನು ಬಿಚ್ಚಿಸಲು ಮತ್ತೆ ಬೆಂಗಳೂರಿಗೇ ಹೋಗಬೇಕಾ, ಕೋಲಾರದಲ್ಲೇ ಆಗುತ್ತದಾ, ವಿಚಾರಿಸಿ.

ಒಪ್ಪಿಗೆ ಪತ್ರ ಕನ್ನಡದಲ್ಲೇ ಕೇಳಿ, ಮನೆಗೆ ತಂದು ಓದಿ. ಅವಸರಕ್ಕೆ ಸಹಿ ಬೇಡ. ಯಾವಾಗ ಬೇಕಾದರೂ ಹೊರಬರಬಹುದು, ಆಮೇಲೂ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆಯೂ ಪರಿಹಾರವೂ ಕೊಡಬೇಕೆಂದು 2019ರ ನಿಯಮವೇ ಇದೆ. ಕೀಮೋ ಆದ ಮೇಲೆ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಮಧ್ಯರಾತ್ರಿ ಫೋನ್ ಎತ್ತುವವರ ನಂಬರ್ ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ.