ಮಳೆ ಇದ್ದೂ ಖಾಲಿಯಾಗುವ ಊರುಗಳು

ಊರು ಬಿಡುವುದು ಅಂದರೆ ನಮಗೆ ಮೊದಲು ನೆನಪಾಗುವುದು ಬರ. ಮಳೆ ಕೈಕೊಟ್ಟಿತು, ಹೊಲ ಒಣಗಿತು, ಕೊಪ್ಪಳ, ರಾಯಚೂರು ಕಡೆಯ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಗುಳೆ ಹೊರಟವು. ಇದು ನಿಜವೇ. ಆದರೆ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅದರ ಸುತ್ತಲಿನ ತೀರ್ಥಹಳ್ಳಿ, ಹೊಸನಗರದ ಹಳ್ಳಿಗಳಲ್ಲೂ ಮನೆಗಳಿಗೆ ಬೀಗ ಬೀಳುತ್ತಿದೆ. ಎಷ್ಟೋ ಮನೆಗಳಲ್ಲಿ ಉಳಿದಿರುವುದು ವಯಸ್ಸಾದ ಇಬ್ಬರೇ. ನೀರಿಗೆ ಬರವಿಲ್ಲದ ಸೀಮೆಯಿಂದ ಜನ ಯಾಕೆ ಹೋಗುತ್ತಾರೆ?

ಕೆಲಸಕ್ಕೆ, ಓದಿಗೆ ಎನ್ನುವುದು ಸುಲಭದ ಉತ್ತರ. ಜನಗಣತಿಯೂ ಅದನ್ನೇ ಬರೆದುಕೊಳ್ಳುತ್ತದೆ. 2011ರ ಗಣತಿ ದೇಶದಲ್ಲಿ ಸುಮಾರು 45 ಕೋಟಿ ವಲಸಿಗರನ್ನು ಗುರುತಿಸಿತು. ಯಾಕೆ ಬಂದಿರಿ ಎಂಬ ಪ್ರಶ್ನೆಗೆ ಅದರಲ್ಲಿದ್ದ ಉತ್ತರಗಳು ಉದ್ಯೋಗ, ವ್ಯಾಪಾರ, ಓದು, ಮದುವೆ, ಮನೆಯವರ ಜೊತೆ ಬಂದದ್ದು, ಇಂಥವು. 1991ರ ಪಟ್ಟಿಯಲ್ಲಿ ಬರ, ನೆರೆಯಂಥ ಪ್ರಕೃತಿ ವಿಕೋಪಕ್ಕೂ ಒಂದು ಜಾಗವಿತ್ತು. ಆಮೇಲೆ ಅದನ್ನು ತೆಗೆದರು. ತೋಟಕ್ಕೆ ರೋಗ ಬಿದ್ದು ಮಗ ಬೆಂಗಳೂರಿನ ಕಂಪನಿ ಸೇರಿದರೆ, ಲೆಕ್ಕದಲ್ಲಿ ಅವನು ಉದ್ಯೋಗಕ್ಕೆ ಹೋದವನು. ಅದು ಸುಳ್ಳೇನಲ್ಲ. ಆದರೆ ಅವನು ಬಿಟ್ಟುಹೋದ ಮಣ್ಣಿಗೆ ಏನಾಗಿತ್ತು ಎಂಬುದು ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ.

ಮಲೆನಾಡಿನ ಹಸಿರು ನೋಡಿದವರು ಇಲ್ಲಿನ ಮಣ್ಣು ಬಲು ಫಲವತ್ತು ಅಂದುಕೊಳ್ಳುತ್ತಾರೆ. ಹಾಗಿಲ್ಲ. ಲಕ್ಷಾಂತರ ವರ್ಷ ಸುರಿದ ಮಳೆ ಇಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಎಲ್ಲವನ್ನೂ ತೊಳೆದುಕೊಂಡು ಹೋಗಿದೆ. ನೀರಿಗೆ ಸುಲಭವಾಗಿ ಕರಗದ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ಮಾತ್ರ ಉಳಿದಿವೆ. ಮಣ್ಣಿಗೆ ಕೆಂಪು ಬಂದದ್ದು ಆ ಕಬ್ಬಿಣದಿಂದ. ಅದೇ ಮಣ್ಣು ಬಿಸಿಲು, ಗಾಳಿಗೆ ತೆರೆದುಕೊಂಡು ಗಟ್ಟಿಯಾದರೆ ಜಂಬಿಟ್ಟಿಗೆ ಕಲ್ಲು. ಇಂಥ ಮಣ್ಣು ಹುಳಿಯಾಗಿರುತ್ತದೆ. ರಂಜಕದ ಗೊಬ್ಬರ ಸುರಿದರೂ ಕಬ್ಬಿಣ, ಅಲ್ಯೂಮಿನಿಯಂ ಅದರ ಬಹುಪಾಲನ್ನು ಕಟ್ಟಿಹಾಕುತ್ತವೆ, ಬೇರಿಗೆ ಬಿಡುವುದಿಲ್ಲ.

ಹಾಗಾದರೆ ಇಷ್ಟು ದಟ್ಟ ಕಾಡು ಬೆಳೆದದ್ದು ಹೇಗೆ? ತನ್ನದೇ ತರಗೆಲೆಯಿಂದ. ಎಲೆ ಉದುರುತ್ತದೆ, ಕೊಳೆಯುತ್ತದೆ, ಅದರ ಸಾರವನ್ನು ಬೇರುಗಳು ಕೂಡಲೇ ಮೇಲಕ್ಕೆ ಎಳೆದುಕೊಳ್ಳುತ್ತವೆ. ಸಂಪತ್ತೆಲ್ಲ ಮೇಲಿನ ತೆಳ್ಳನೆಯ ಕಪ್ಪು ಪದರದಲ್ಲಿದೆ. ಅದು ಕೊಚ್ಚಿಹೋದರೆ ಕೆಳಗೆ ಉಳಿಯುವುದು ಬಡ ಮಣ್ಣು. ಒಂದು ಇಂಚು ಮೇಲ್ಮಣ್ಣು ಮತ್ತೆ ಹುಟ್ಟಲು ನೂರಾರು ವರ್ಷ ಬೇಕು.

ಇಲ್ಲಿನ ಹಳೆಯ ರೈತರು ಇದನ್ನು ಚೆನ್ನಾಗಿ ಅರಿತಿದ್ದರು. ಅಡಿಕೆ ತೋಟದ ಜೊತೆಗೆ ಸೊಪ್ಪಿನಬೆಟ್ಟ, ಅಂದರೆ ಗೊಬ್ಬರಕ್ಕೆ ಸೊಪ್ಪು ತರುವ ಕಾಡು, ಇರಲೇಬೇಕು ಎಂಬ ಲೆಕ್ಕ ಬಂದದ್ದು ಅದರಿಂದಲೇ. ಪಕ್ಕದ ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಬಿಡುವ ಪದ್ಧತಿ ಇತ್ತು. ಒಂದು ಎಕರೆ ಬಡ ಮಣ್ಣನ್ನು ಸಾಕಲು ಎಷ್ಟು ಕಾಡು ಬೇಕಾಗುತ್ತಿತ್ತು ನೋಡಿ! ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬರುತ್ತಿತ್ತು. ಮಲೆನಾಡು ಗಿಡ್ಡ ದನಗಳ ಕಾಲಡಿಯಲ್ಲಿ ತುಳಿದು ಗೊಬ್ಬರವಾಗಿ ತೋಟಕ್ಕೆ ಹೋಗುತ್ತಿತ್ತು. ಆ ದನಗಳಿಗೆ ಹುಲ್ಲು ಗದ್ದೆಯಿಂದ. ಗದ್ದೆಯಲ್ಲಿ ನಿಂತ ಮಳೆನೀರು ನಿಧಾನವಾಗಿ ಇಂಗಿ, ಬೇಸಿಗೆಯಲ್ಲಿ ಕೆಳಗಿನ ತೋಟದ ಬಾವಿಗೆ ಬರುತ್ತಿತ್ತು. ಇದರಲ್ಲಿ ಯಾವುದೊಂದು ತಪ್ಪಿದರೂ ಉಳಿದವಕ್ಕೆ ಪೆಟ್ಟು.

ಈಗ ಬೇಕಾದಷ್ಟು ಕಡೆ ತಪ್ಪಿದೆ. ಎಷ್ಟೋ ಬೆಟ್ಟಗಳು ಸೊಪ್ಪು ಕಡಿದು ಕಡಿದು ಬೋಳಾದವು. 1980ರ ನಂತರ ಭದ್ರಾವತಿಯ ಕಾಗದದ ಕಾರ್ಖಾನೆಗಾಗಿ ಸಾವಿರಾರು ಹೆಕ್ಟೇರ್ ಅಕೇಶಿಯಾ, ನೀಲಗಿರಿ ಬೆಳೆಸಿದರು. ಅಕೇಶಿಯಾ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ, ಅದನ್ನು ಒಪ್ಪಬೇಕು. ಆದರೆ ಹತ್ತಾರು ಜಾತಿಯ ಮರವಿದ್ದ ಕಾನು ಕೊಡುತ್ತಿದ್ದ ಸೊಪ್ಪು, ಮೇವು, ಹಣ್ಣು, ಜೇನು ಅದರಿಂದ ಸಿಗುವುದಿಲ್ಲ. ದನ ಕಡಿಮೆಯಾದವು, ಗೊಬ್ಬರ ಕಡಿಮೆಯಾಯಿತು. ಇದರ ಮೇಲೆ ಎಲೆಚುಕ್ಕೆ ರೋಗ. ಅಡಿಕೆಯ ಹೆಡೆಗಳ, ಅಂದರೆ ಗರಿಗಳ, ಮೇಲೆ ಶಿಲೀಂಧ್ರ ಹರಡುತ್ತದೆ, ಹೆಡೆ ಒಣಗುತ್ತದೆ, ಮರ ಸೊರಗಿ ಫಸಲು ಇಳಿಯುತ್ತದೆ. ಬಿಟ್ಟೂಬಿಡದ ಮಳೆ, ತೇವದ ಗಾಳಿ ಅದಕ್ಕೆ ಹದವಾದ ಹವೆ. ತೋಟ ಹೋಯಿತು, ಹೊಸ ಸಸಿ ನೆಡೋಣ ಅಂದರೆ ಫಸಲಿಗೆ ಐದಾರು ವರ್ಷ ಕಾಯಬೇಕು. ಅಷ್ಟು ವರ್ಷ ಮನೆ ನಡೆಯುವುದು ಹೇಗೆ?

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಬೇಕು. ನೆಲ ಕೆಟ್ಟಷ್ಟೂ ಜನ ಜಾಸ್ತಿ ಹೋಗುತ್ತಾರೆ ಎಂಬ ಸರಳ ಲೆಕ್ಕ ನಿಲ್ಲುವುದಿಲ್ಲ. ಆಫ್ರಿಕಾದ ಮಾಲಿ ದೇಶದಲ್ಲಿ 1983ರಿಂದ 1985ರವರೆಗೆ ಭೀಕರ ಬರ ಬಂತು. ಅಲ್ಲಿನ ಸೆನೆಗಲ್ ನದಿ ಕಣಿವೆಯ ಜನ ಮೊದಲಿನಿಂದಲೂ ದುಡಿಯಲು ಫ್ರಾನ್ಸಿಗೆ ಹೋಗುತ್ತಿದ್ದವರು. ಬರದಲ್ಲಿ ಅದು ಏರಬೇಕಿತ್ತು, ಅಲ್ವಾ? ಸ್ಯಾಲಿ ಫಿಂಡ್ಲಿ ಎಂಬ ಸಂಶೋಧಕಿ ಕಂಡದ್ದು ಬೇರೆಯೇ. ದೂರದ ವಲಸೆ ಏರಲಿಲ್ಲ. ಹತ್ತಿರದ ಊರುಗಳಿಗೆ ಸ್ವಲ್ಪ ದಿನ ಹೋಗಿಬರುವುದು ಹೆಚ್ಚಿತು, ಅದರಲ್ಲೂ ಹೆಂಗಸರು, ಮಕ್ಕಳು ಜಾಸ್ತಿ ಹೋದರು. ದೂರ ಹೋಗಲು ದುಡ್ಡು ಬೇಕು. ಬರ ಆ ದುಡ್ಡನ್ನೇ ತಿಂದಿತ್ತು. 2011ರಲ್ಲಿ ಬ್ರಿಟನ್ ಸರ್ಕಾರ ತಯಾರಿಸಿದ ದೊಡ್ಡ ವರದಿಯೊಂದು ಇದನ್ನೇ ಒತ್ತಿ ಹೇಳಿತು: ಊರು ಬಿಡುವವರ ಬಗ್ಗೆ ಚಿಂತಿಸುವಷ್ಟೇ, ಬಿಡಲಾಗದೆ ಸಿಕ್ಕಿಬಿದ್ದವರ ಬಗ್ಗೆಯೂ ಚಿಂತಿಸಬೇಕು.

ಮಲೆನಾಡಿನಲ್ಲಿ ಈ ಎರಡೂ ಬಗೆಯವರನ್ನು ಒಂದೇ ಕೇರಿಯಲ್ಲಿ ನೋಡಬಹುದು. ನಾಲ್ಕು ಎಕರೆ ತೋಟವಿದ್ದವರು ಅಡಿಕೆಗೆ ಬೆಲೆ ಬಂದ ವರ್ಷಗಳಲ್ಲಿ ಮಕ್ಕಳನ್ನು ಎಂಜಿನಿಯರಿಂಗ್ ಓದಿಸಿದರು. ಆ ಮಕ್ಕಳು ಹೋದರು. ಮುಕ್ಕಾಲು ಎಕರೆಯವನಿಗೆ ಆ ದಾರಿ ತೆರೆಯಲಿಲ್ಲ. ರೋಗ ಬಿದ್ದ ಅದೇ ತೋಟದಲ್ಲಿ ಅವನು ಇದ್ದಾನೆ, ಬಿಡುವಿದ್ದಾಗ ಬೇರೆಯವರ ತೋಟಕ್ಕೆ ಕೂಲಿಗೆ ಹೋಗುತ್ತಾನೆ. ಹವಾಮಾನ ಬದಲಾವಣೆಯ ಮಾತು ಬಂದಾಗ ನನಗೆ ಮೊದಲು ಸಂಕಟವಾಗುವುದು ಇವನನ್ನು ನೆನೆದು.

ಇನ್ನೂ ಮುಖ್ಯವಾದ ಒಂದು ಸಂಗತಿ ಇದೆ, ಅದರ ಬಗ್ಗೆ ನಾವು ತೀರಾ ಕಡಿಮೆ ಮಾತಾಡುತ್ತೇವೆ. ನೆಲ ಕೆಟ್ಟು ಜನ ಹೋಗುತ್ತಾರೆ, ಸರಿ. ಜನ ಹೋದ ಮೇಲೆ ನೆಲ ಇನ್ನಷ್ಟು ಕೆಡುತ್ತದೆ. ಮಲೆನಾಡಿನ ಕೃಷಿ ನಿಂತಿರುವುದು ಕೈಗಳ ಮೇಲೆ. ಅಡಿಕೆ ಕಾಯಿಗೆ ಬರುವ ಕೊಳೆ ರೋಗವನ್ನೇ ತೆಗೆದುಕೊಳ್ಳಿ. ಮುಂಗಾರು ಶುರುವಾಗುವ ಹೊತ್ತಿಗೆ ಒಂದು ಸಲ, ಸುಮಾರು ಒಂದೂವರೆ ತಿಂಗಳಿಗೆ ಇನ್ನೊಂದು ಸಲ, ಅಡಿಕೆ ಮರ ಹತ್ತುವ ಕೆಲಸಗಾರ, ಅಂದರೆ ಕೊನೆಗೌಡ, ಮೇಲೇರಿ ಗೊನೆಗಳಿಗೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯಬೇಕು. ಈಗ ಮರ ಹತ್ತುವವರೇ ಅಪರೂಪ. ಮನೆಯವರು ಊರಲ್ಲಿಲ್ಲದ ತೋಟಕ್ಕೆ ಸಕಾಲಕ್ಕೆ ಔಷಧಿ ಬೀಳುವುದಿಲ್ಲ. ಕೊಳೆತ ಕಾಯಿಯಿಂದ ಮಳೆ ಹನಿ, ಗಾಳಿಯ ಜೊತೆ ರೋಗಾಣು ಹಾರುತ್ತದೆ, ಬೇಲಿ ದಾಟಿ ಪಕ್ಕದ ತೋಟಕ್ಕೆ ಬೀಳುತ್ತದೆ. ಅಲ್ಲಿದ್ದವನು ಎಲ್ಲವನ್ನೂ ಸರಿಯಾಗಿ ಮಾಡಿದ್ದರೂ ಅವನ ಅಡಿಕೆ ಉದುರುತ್ತದೆ.

ಬಸಿಗಾಲುವೆಯದ್ದೂ ಇದೇ ಪಾಡು. ಕಣಿವೆಯಲ್ಲಿ ತೋಟಗಳು ಒಂದರ ಕೆಳಗೊಂದು ಇರುತ್ತವೆ. ನಡುವಿನ ಒಬ್ಬನ ಕಾಲುವೆಯಲ್ಲಿ ಹೂಳು ತುಂಬಿದರೆ ನೀರು ಮೇಲಿನವನ ತೋಟದಲ್ಲಿ ನಿಲ್ಲುತ್ತದೆ. ಇಲ್ಲವೇ ದಾರಿ ತಪ್ಪಿ ಕೆಳಗಿನವನ ತೋಟಕ್ಕೆ ನುಗ್ಗುತ್ತದೆ. ಗದ್ದೆ ಬಯಲಿನಲ್ಲಿ ಎಲ್ಲರೂ ನಾಟಿ ಮಾಡುತ್ತಿದ್ದಾಗ ಮಂಗ, ಕಾಡುಹಂದಿಯ ಕಾಟ ಎಲ್ಲರಿಗೂ ಹಂಚಿಹೋಗುತ್ತಿತ್ತು. ಹತ್ತರಲ್ಲಿ ಎಂಟು ಗದ್ದೆ ನಾಟಿಯಿಲ್ಲದೆ ಹಡ್ಲು ಬಿದ್ದ ಮೇಲೆ ಉಳಿದ ಎರಡಕ್ಕೇ ಅಷ್ಟೂ ಪ್ರಾಣಿ. ಮರುವರ್ಷ ಆ ಇಬ್ಬರೂ ಬಿಡುತ್ತಾರೆ. ಮೊದಲು ಹೋದವನು ತನ್ನಿಷ್ಟದಿಂದ ಹೋಗಿರಬಹುದು. ಕೊನೆಗೆ ಹೋದವನಿಗೆ ಬೇರೆ ದಾರಿ ಇರಲಿಲ್ಲ.

ಇನ್ನು, ನೆಲವೇ ಮುಳುಗಿದವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ತಳದ ಒಳ್ಳೆಯ ಗದ್ದೆ, ತೋಟಗಳು ನೀರಿನಡಿ ಹೋದವು. 1948ರ ಹಿರೇಭಾಸ್ಕರ ಅಣೆಕಟ್ಟೆಯೇ ಅದರಲ್ಲಿ ಮುಳುಗಿತು ಅಂದರೆ ವಿಸ್ತಾರ ಊಹಿಸಬಹುದು. ನಾಡಿಗೆ ಬೆಳಕು ಬಂತು. ಸಾವಿರಾರು ಕುಟುಂಬಗಳು ಮೇಲಿನ ಗುಡ್ಡಗಳಿಗೆ, ಕಾಡಿನಂಚಿಗೆ ಹೋದವು. ತಲೆಮಾರುಗಳಿಂದ ಹದ ಮಾಡಿದ ಕಣಿವೆಯ ಮಣ್ಣಿನಿಂದ ಜಂಬಿಟ್ಟಿಗೆಯ ಗುಡ್ಡಕ್ಕೆ. ಬದುಕಲು ಅಲ್ಲಿನ ಕಾಡು ಕಡಿಯಲೇಬೇಕಾಯಿತು. ಅರವತ್ತು ವರ್ಷ ದಾಟಿದರೂ ಅವರಲ್ಲಿ ಎಷ್ಟೋ ಜನರಿಗೆ ಹಕ್ಕುಪತ್ರ ಸಿಕ್ಕಿಲ್ಲ. ಪತ್ರವಿಲ್ಲದ ಜಮೀನಿಗೆ ಬ್ಯಾಂಕ್ ಸಾಲ ಇಲ್ಲ. ನಾಳೆ ಯಾರಾದರೂ ಎಬ್ಬಿಸಬಹುದಾದ ನೆಲಕ್ಕೆ ಬದು ಕಟ್ಟಲು, ಸುಣ್ಣ ಹಾಕಲು ಯಾರಿಗೆ ಧೈರ್ಯ ಬರುತ್ತದೆ? ಹಾಗಾಗಿ ಆ ಮಣ್ಣೂ ಸೊರಗಿತು. ಅವರ ಮೊಮ್ಮಕ್ಕಳು ಈಗ ಪೇಟೆಗಳಲ್ಲಿ ಕೆಲಸ ಹುಡುಕುತ್ತಿದ್ದಾರೆ. ಮಣ್ಣು ಉಳಿಸುವ ವಿಷಯದಲ್ಲಿ ಹಕ್ಕುಪತ್ರವೂ ಗೊಬ್ಬರದಷ್ಟೇ ಮುಖ್ಯ ಎಂದು ನಾನು ಹೇಳುವುದು ಸುಮ್ನೆ ಅಲ್ಲ.

ಜನ ಹೋಗುವುದು ಮಾತ್ರವಲ್ಲ, ಬರುವುದೂ ಇದೆ. ಅಡಿಕೆ ಕೊಯ್ಲಿಗೆ ಬಯಲುಸೀಮೆಯಿಂದ ಕೆಲಸಗಾರರು ಬರುತ್ತಾರೆ. ಅವರ ಊರಿನ ಒಣ ಹೊಲವೇ ಅವರನ್ನು ಇಲ್ಲಿಗೆ ತಂದಿದೆ. ಸೊರಬ, ಸಾಗರದ ಕಡೆ ಶುಂಠಿ ಬೆಳೆಯಲು ಹೊರಗಿನವರು ಗದ್ದೆಗಳನ್ನು ಗುತ್ತಿಗೆಗೆ ಹಿಡಿಯುತ್ತಾರೆ. ಶುಂಠಿಯ ಕೊಳೆ ರೋಗ ಮಣ್ಣಿನಲ್ಲೇ ಉಳಿಯುವುದರಿಂದ ಮರುವರ್ಷ ಅದೇ ನೆಲದಲ್ಲಿ ಬೆಳೆಯಲು ಬರುವುದಿಲ್ಲ, ಬೇರೆ ಗದ್ದೆಗೆ ಹೋಗುತ್ತಾರೆ. ರೋಗಾಣು, ಔಷಧಿಯ ಉಳಿಕೆ ಗದ್ದೆಯ ಒಡೆಯನ ಪಾಲಿಗೆ.

ಮತ್ತೆ ಗದ್ದೆಗೇ ಬರೋಣ, ಯಾಕೆಂದರೆ ಈ ಸರಪಳಿಯನ್ನು ಎಲ್ಲಿಂದಲಾದರೂ ಸರಿಮಾಡಲು ಶುರುಮಾಡಬೇಕಾದರೆ ಅದು ಗದ್ದೆಯಿಂದ. ಕೇರಳ ಸರ್ಕಾರ 2020ರಲ್ಲಿ ಭತ್ತದ ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡವರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ಕೊಡಲು ಆರಂಭಿಸಿತು. ಭತ್ತಕ್ಕಲ್ಲ, ಗದ್ದೆ ನೀರು ಇಂಗಿಸುವ ಸೇವೆಗೆ. ಮಳೆನೀರನ್ನೇ ನಂಬಿದ ನಮ್ಮ ಮಲೆನಾಡಿನ ಮಕ್ಕಿಗದ್ದೆಗಳಿಗೂ ಅಂಥ ಸಹಾಯ ಬೇಕು, ಮೊತ್ತ ಇನ್ನೂ ಜಾಸ್ತಿ ಇರಬೇಕು. ಒಡೆಯ ಬೆಂಗಳೂರಿನಲ್ಲಿದ್ದರೆ ಹಣ ಅವನ ಖಾತೆಗೆ ಹೋಗಿ ಪ್ರಯೋಜನವಿಲ್ಲ. ಊರಲ್ಲಿ ಉಳಿದು ಬದು ಕಟ್ಟುವವನಿಗೆ, ಕಾಲುವೆ ಬಿಡಿಸುವವನಿಗೆ ಅದು ಕೂಲಿಯಾಗಿ ಸಿಗಬೇಕು. ಅದೂ ಮೇ ತಿಂಗಳೊಳಗೆ, ಏಕೆಂದರೆ ಮೃಗಶಿರ ಮಳೆ ಹಿಡಿದ ಮೇಲೆ ಒಡೆದ ಬದುವನ್ನು ಯಾರೂ ನಿಲ್ಲಿಸಲಾರರು.